ತ್ರಾಸವೂ ಭಯವೂ

ಭಯಾನಕರಸಕ್ಕೆ ಸ್ಥಾಯಿಯು ಭಯವು; ತ್ರಾಸವಾದರೋ ಬಂದುಹೋಗುವ ವ್ಯಭಿಚಾರಿಭಾವವು. ಹಠಾತ್ತಾಗಿ ಮೈಮನಗಳು ನಡುಗುವುದು ತ್ರಾಸವೆಂದೂ, ಹಿಂದುಮುಂದಿನ ವಿಚಾರದಿಂದ ಹುಟ್ಟುವುದು ಭಯವೆಂದೂ ಆಲಂಕಾರಿಕರು ವಿಂಗಡಿಸಿರುವರು. ಪ್ರೇಕ್ಷಕರನ್ನು ನಿಜವಾಗಿ ಹೆದರಿಸುವ ಚಲನಚಿತ್ರಗಳಿಗೂ ಈ ವಿವೇಕವೇ ಒರೆಗಲ್ಲು.

1942ರಲ್ಲಿ ಅಮೆರಿಕದಲ್ಲಿ ವಾಲ್ ಲ್ಯೂಟನ್ ನಿರ್ಮಿಸಿ ಜಾಕ್ ಟೂರ್ನರ್ ನಿರ್ದೇಶಿಸಿದ 'ಕ್ಯಾಟ್ ಪೀಪಲ್' ಚಿತ್ರವನ್ನು ಪರಿಶೀಲಿಸಬಹುದು. ತಾನು ಚಿರತೆಯಾಗಿಬಿಡುವೆನೆಂದು ಅಂಜುವ ಇರೇನಾ ಎಂಬವಳು, ಪತಿಯ ಸಹೋದ್ಯೋಗಿನಿಯಾದ ಆಲಿಸಳನ್ನು ರಾತ್ರಿಯಲ್ಲಿ ಹಿಂಬಾಲಿಸುವಳು. ಹಿಂದಣ ಹೆಜ್ಜೆಯ ಸಪ್ಪಳವು ನಿಂತುಹೋಗುವುದು, ಆಲಿಸಳು ಓಡುವಳು, ಫಕ್ಕನೆ ಬಸ್ಸೊಂದು ಬುಸುಗುಟ್ಟುತ್ತ ಬಂದು ನಿಲ್ಲುವುದು. ನೋಡುವವರು ಬೆಚ್ಚುವರು. ಇದು ತ್ರಾಸವು. ಆದರೆ ಬಸ್ಸಿನ ಶಬ್ದಕ್ಕೆ ಸ್ವತಃ ಹೆದರಿಸುವ ಶಕ್ತಿಯಿಲ್ಲ; ನಿಂತುಹೋದ ಹೆಜ್ಜೆಯೇ ಅದಕ್ಕೆ ಆ ಶಕ್ತಿಯನ್ನಿತ್ತಿತು.

ಈಜುಕೊಳದ ಪ್ರಸಂಗದಲ್ಲಿ ಗೋಡೆಗಳ ಮೇಲೆ ನೀರಿನ ಬೆಳಕು ಅಲುಗುವುದು; ಎಲ್ಲಿಂದಲೋ ಗುರುಗುಟ್ಟುವ ದನಿ ಕೇಳುವುದು; ಮೃಗದ ಮೈ ಮಾತ್ರ ಸ್ಪಷ್ಟವಾಗಿ ಕಾಣದು. ಪ್ರೇಕ್ಷಕನ ಊಹೆಯೇ ಮೃಗವನ್ನು ಕಲ್ಪಿಸಿಕೊಳ್ಳುವುದು. ಇದು ಭಯವು.

ನಿಜವಾಗಿ ಹೆದರಿದವನಿಗೆ ರಸಾಸ್ವಾದವೆಲ್ಲಿಯದೆಂಬ ಆಕ್ಷೇಪವುಂಟು. ಬಾಣಕ್ಕಂಜಿ ಓಡುವ ಶಾಕುಂತಲದ ಜಿಂಕೆಯನ್ನು ಉದಾಹರಿಸಿ ಅಭಿನವಗುಪ್ತನು ಇದಕ್ಕೆ ಸಮಾಧಾನವನ್ನು ಹೇಳಿರುವನು: ಆ ಭಯವು ಇಂಥವನದೆಂದು ಕಟ್ಟುಬಿದ್ದುದಲ್ಲ. ಲೋಕದಲ್ಲಿ ಹೆದರಿದವನು ಓಡಿಹೋಗುವನು. ಈ ಚಿತ್ರದ ಪ್ರೇಕ್ಷಕನು ನಡುಗುತ್ತಲೇ ಕುಳಿತು ನೋಡುವನು. ಆದುದರಿಂದ ಇದು ರಸವೇ ಸರಿ.

ತರುವಾಯ ಚಿತ್ರಗಳನ್ನು ಮಾಡಿದವರಲ್ಲಿ ಅನೇಕರು ಬಸ್ಸನ್ನು ಕಲಿತು ಹೆಜ್ಜೆಯನ್ನು ಮರೆತರು. ವ್ಯಭಿಚಾರಿಯನ್ನೇ ಸ್ಥಾಯಿಯೆಂದು ಭ್ರಮಿಸಿದುದು ಅವರ ದೋಷವು. ಅಂಥ ಚಿತ್ರಗಳಲ್ಲಿ ಬೆಚ್ಚಿದವನು ಮರುಕ್ಷಣವೇ ನಗುವನು. ಹೆಜ್ಜೆಯ ಸಪ್ಪಳವಾದರೋ ಮನೆಯವರೆಗೂ ಹಿಂಬಾಲಿಸುವುದು.