ಎಡ್ಡಾಳ ಗುಡಿಸಲು, ಮಂಟೇಸ್ವಾಮಿಯ ತಿಪ್ಪೆ

ಮುಳ್ಳೂರಿನ ನಮ್ಮ ಕೇರಿಯ ಹೈದನೊಬ್ಬ ಒಂದು ಸಂಜೆ ಜಗಲಿಯ ಮೇಲೆ ಕೂತು ಮೊಬೈಲಿನಲ್ಲಿ ಥಾರ್ ಸಿನಿಮಾ ನೋಡುತ್ತಿದ್ದ. ಪಕ್ಕದಲ್ಲಿ ಅವನ ತಾತ. ನೀಲಗಾರ ದೀಕ್ಷೆ ಪಡೆದವರು, ಒಂದು ಕಾಲಕ್ಕೆ ತಂಬೂರಿ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿ ಕತೆ ಹಾಡಿದವರು. ಮೊಮ್ಮಗನ ಹೆಗಲ ಮೇಲಿಂದ ಬಗ್ಗಿ ನೋಡಿ ಕೇಳಿದರು:

‘ಸುತ್ಗೆ ಹಿಡ್ಕಂಡು ಗುಡುಗ್ತಾವ್ನಲ್ಲ, ಯಾರ್ಲಾ ಅಂವ?’

‘ದೇವ್ರು ಕನ ತಾತ. ಬಿಳೀ ಜನದ ಹಳೇ ದೇವ್ರು.’

‘ಸರಿ ಬುಡು. ಆ ಸುತ್ಗೆ ಮಾಡ್ಕೊಟ್ಟೋರ್ ಯಾರು?’

ಹೈದನಿಗೆ ಗೊತ್ತಿರಲಿಲ್ಲ. ಅಲ್ಲೇ ಕೂತಿದ್ದ ನನಗೆ ಉತ್ತರ ಗೊತ್ತಿತ್ತು. ಆದರೆ ಆ ಪ್ರಶ್ನೆಯನ್ನು ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ಈ ಲೇಖನ ಹುಟ್ಟಿದ್ದು ಆ ನಾಚಿಕೆಯಿಂದ.

ದಲಿತ ವಿಮರ್ಶೆಯ ಸಂಚಿಕೆಯಲ್ಲಿ ಐಸ್‌ಲ್ಯಾಂಡಿನ ದೇವರುಗಳಿಗೇನು ಕೆಲಸ ಎಂದು ಗೆಳೆಯರು ಕೇಳಬಹುದು. ಕೆಲಸ ಇದೆ. ನಮ್ಮ ಕೇರಿಯ ಹುಡುಗ ಹುಡುಗಿಯರು ಇವತ್ತು ನೋಡುತ್ತಿರುವ, ಓದುತ್ತಿರುವ, ನಾಳೆ ತಾವೂ ಬರೆಯಬೇಕೆಂದು ಕನಸುತ್ತಿರುವ ಅದ್ಭುತ ಕಥನಗಳ ಒಂದು ದೊಡ್ಡ ಬೇರು ಅಲ್ಲಿದೆ. ಇಂಗ್ಲಿಷಿನ ಟೋಲ್ಕಿನ್ 1937ರಲ್ಲಿ ಪ್ರಕಟವಾದ ‘ದಿ ಹಾಬಿಟ್’ ಬರೆದಾಗ ತನ್ನ ಕುಳ್ಳರ ಹೆಸರುಗಳಲ್ಲಿ ಹೆಚ್ಚಿನವನ್ನೂ, ಗಾಂಡಾಲ್ಫ್ ಎಂಬ ಮಂತ್ರವಾದಿಯ ಹೆಸರನ್ನೂ ‘ವೊಲುಸ್ಪಾ’ ಎಂಬ ಹಳೆಯ ನಾರ್ಸ್ ಕಾವ್ಯದಿಂದ ಎತ್ತಿಕೊಂಡ. 1954–55ರಲ್ಲಿ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬಂತು. ಪೌಲ್ ಆಂಡರ್ಸನ್ನನ ‘ದಿ ಬ್ರೋಕನ್ ಸ್ವೋರ್ಡ್’ ಬಂದದ್ದೂ 1954ರಲ್ಲೇ. ನೀಲ್ ಗೈಮನ್ನನ ‘ಅಮೆರಿಕನ್ ಗಾಡ್ಸ್’ (2001) ತನಕ ಆ ಸಾಲು ನಡೆದುಬಂದಿದೆ. ಬೆಳ್ಳಗಿನ ವೀರರು, ಮಂತ್ರದ ಕತ್ತಿ, ಕುರೂಪಿ ಶತ್ರುಗಳ ದಂಡು: ಇದೊಂದು ಅಚ್ಚಾಗಿಬಿಟ್ಟಿದೆ. ನಮ್ಮಲ್ಲಿ ಈ ಅಚ್ಚಿಗೆ ದೇವಾಸುರರನ್ನು ಸುರಿದು ಕಾದಂಬರಿ, ಸಿನಿಮಾ ಮಾಡುವುದು ಸಲೀಸು. ಅಚ್ಚು ಎಲ್ಲಿಯದು, ಅದರೊಳಗೆ ಯಾರ ಮೂಳೆ ಇದೆ ಎಂದು ನೋಡುವುದು ವಿಮರ್ಶೆಯ ಕೆಲಸ.

ನಾರ್ಸ್ ಪುರಾಣದ ಹಳೆಯ ಪದ್ಯಗಳಲ್ಲಿ ‘ರೀಗ್ಸ್‌ಥುಲ’ ಎಂಬುದೊಂದಿದೆ. ಹದಿನಾಲ್ಕನೆಯ ಶತಮಾನದ ಒಂದೇ ಹಸ್ತಪ್ರತಿಯಲ್ಲಿ, ಕೊನೆ ಕಳೆದುಕೊಂಡು ಉಳಿದಿರುವ ಪದ್ಯ ಅದು. ಹೈಮ್‌ಡಾಲ್ ಎಂಬ ದೇವರು ರಿಗ್ ಎಂಬ ಹೆಸರಿನಲ್ಲಿ ಲೋಕ ತಿರುಗುತ್ತ ಮೂರು ಮನೆಗಳಿಗೆ ಹೋಗುತ್ತಾನೆ. ಒಂದೊಂದರಲ್ಲೂ ಮೂರು ಮೂರು ರಾತ್ರಿ ಗಂಡಹೆಂಡಿರ ನಡುವೆ ಮಲಗುತ್ತಾನೆ. ಒಂಬತ್ತು ತಿಂಗಳಿಗೆ ಒಂದೊಂದು ಮನೆಯಲ್ಲೂ ಒಂದೊಂದು ಮಗು. ಮೊದಲನೆಯದು ಥ್ರಾಲ್, ಅಂದರೆ ಜೀತದಾಳು. ಕಪ್ಪು ಬಣ್ಣ, ಸುಕ್ಕು ಚರ್ಮ, ಗಂಟುಗಟ್ಟಿದ ಬೆರಳು, ಬಾಗಿದ ಬೆನ್ನು. ಅವನ ಮಕ್ಕಳ ಕೆಲಸ ಬೇಲಿ ಕಟ್ಟುವುದು, ಹೊಲಕ್ಕೆ ಗೊಬ್ಬರ ಹೊರುವುದು, ಹಂದಿ ಆಡು ಕಾಯುವುದು. ಎರಡನೆಯದು ಕಾರ್ಲ್, ನೇಗಿಲು ಕಟ್ಟುವ ರೈತ. ಮೂರನೆಯದು ಯಾರ್ಲ್, ಹೊಂಬಣ್ಣದ ಕೂದಲಿನ ದೊರೆ. ಮೂವರೂ ಅವನ ಮಕ್ಕಳೇ. ಆದರೆ ರಿಗ್ ಮರಳಿ ಬಂದು ‘ನೀನು ನನ್ನ ಮಗ’ ಎಂದು ಒಪ್ಪಿಕೊಳ್ಳುವುದು ಯಾರ್ಲ್‌ನನ್ನು ಮಾತ್ರ. ರೂನ್ ಅಕ್ಷರಗಳ ವಿದ್ಯೆ ಕಲಿಸುವುದೂ ಅವನೊಬ್ಬನಿಗೇ.

ಇದನ್ನು ಓದಿದಾಗ ನಮಗೆ ಏನು ನೆನಪಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಋಗ್ವೇದದ ಹತ್ತನೆಯ ಮಂಡಲದ ಪುರುಷಸೂಕ್ತ ಒಂದು ದೇಹವನ್ನು ಕತ್ತರಿಸಿ ಲೋಕವನ್ನೂ ವರ್ಣಗಳನ್ನೂ ಹುಟ್ಟಿಸುತ್ತದೆ. ನಾರ್ಸ್ ಪುರಾಣವೂ ಯಿಮಿರ್ ಎಂಬ ದೈತ್ಯನನ್ನು ಕೊಂದು ಅವನ ಮಾಂಸದಿಂದ ಭೂಮಿಯನ್ನೂ, ರಕ್ತದಿಂದ ಕಡಲನ್ನೂ ಮಾಡುತ್ತದೆ. ಹಾಗಾದರೆ ಎರಡೂ ಒಂದೇ, ಎಲ್ಲ ದೇಶದಲ್ಲೂ ಇದ್ದದ್ದೇ ಇದು ಎಂದು ಕೈತೊಳೆದುಕೊಳ್ಳುವವರು ಇದ್ದಾರೆ. ಅವರಿಗೆ ಬಾಬಾಸಾಹೇಬರು 1946ರ ‘ಶೂದ್ರರು ಯಾರಾಗಿದ್ದರು?’ ಗ್ರಂಥದಲ್ಲೇ ಉತ್ತರ ಕೊಟ್ಟಿದ್ದಾರೆ. ವರ್ಗಗಳು ಎಲ್ಲ ಸಮಾಜದಲ್ಲೂ ಇದ್ದವು. ಪುರುಷಸೂಕ್ತದ ವಿಶೇಷವೆಂದರೆ ಇದ್ದದ್ದನ್ನೇ ಆದರ್ಶವೆಂದು, ದೈವಾಜ್ಞೆಯೆಂದು ಸಾರಿದ್ದು ಎನ್ನುವುದು ಅವರ ವಾದ. ರೀಗ್ಸ್‌ಥುಲವೂ ದೇವರ ಹೆಸರಿನಲ್ಲೇ ಮನುಷ್ಯರನ್ನು ಮೂರು ಮಾಡುತ್ತದೆ, ನಿಜ. ಆದರೆ ಅಲ್ಲಿ ದೇವರು ಜೀತದಾಳಿನ ಗುಡಿಸಲಿಗೆ ಹೋಗಿ ತೌಡು ತುಂಬಿದ ದಪ್ಪ ರೊಟ್ಟಿ ತಿನ್ನುತ್ತಾನೆ. ಮುಟ್ಟು ಮೈಲಿಗೆ ಇಲ್ಲ. ಊರ ಹೊರಗಿನ ಐದನೆಯವನಿಲ್ಲ. 1335ರಲ್ಲಿ ಸ್ವೀಡನ್ನಿನ ದೊರೆ ಒಂದು ಶಾಸನದ ಮೂಲಕ ಜೀತಕ್ಕೆ ಕೊನೆ ಹಾಡಿದ ಮೇಲೆ ರೀಗ್ಸ್‌ಥುಲ ಬರೀ ಪದ್ಯವಾಗಿ ಉಳಿಯಿತು. ನಮ್ಮ ಸೂಕ್ತವನ್ನು ಇವತ್ತಿಗೂ ಗುಡಿಗಳಲ್ಲಿ ಪಠಿಸುತ್ತಾರೆ.

ಇಲ್ಲಿ ಎರಡು ಸಣ್ಣ ಸಂಗತಿಗಳನ್ನು ಹೇಳಬೇಕು. ಆ ಮೊದಲ ಗುಡಿಸಲಿನ ಊಟದಲ್ಲಿ, ಹಸ್ತಪ್ರತಿಯ ಪ್ರಕಾರ, ಬೇಯಿಸಿದ ಕರುವಿನ ಮಾಂಸವೂ ಇದೆ. ಆದರೆ ಕೆಲವು ಸಂಪಾದಕರು ಅಷ್ಟು ಒಳ್ಳೆಯ ಊಟ ಜೀತದವನ ಮನೆಗೆ ಹೊಂದುವುದಿಲ್ಲವೆಂದು ಆ ಸಾಲನ್ನು ಎತ್ತಿ ರೈತನ ಮನೆಗೆ ಹಾಕಿಬಿಟ್ಟರು. ಬಡವನ ತಟ್ಟೆಯಿಂದ ಪಠ್ಯವನ್ನೂ ಕಿತ್ತುಕೊಳ್ಳಬಹುದು! ಇನ್ನೊಂದು, ಆ ಗುಡಿಸಲಿನ ಯಜಮಾನಿಯ ಹೆಸರು ಎಡ್ಡಾ. ಮುತ್ತಜ್ಜಿ ಎಂದು ಅರ್ಥ. ನಾರ್ಸ್ ಪುರಾಣಗಳ ಮೂಲ ಗ್ರಂಥಗಳಿಗೆ ಇರುವ ಹೆಸರೂ ಎಡ್ಡಾ. ಗ್ರಂಥದ ಹೆಸರು ಎಲ್ಲಿಂದ ಬಂತೆಂದು ಪಂಡಿತರು ಜಗಳಾಡುತ್ತಿರಲಿ. ಪದವಂತೂ ಒಂದೇ. ಜೀತದಾಳಿನ ತಾಯಿಯ ಹೆಸರು ಹೊತ್ತ ಪುಸ್ತಕದಲ್ಲಿ ಆಕೆಯ ಮಗನಿಗೆ ಅಕ್ಷರವಿಲ್ಲ. ಇದಕ್ಕಿಂತ ದೊಡ್ಡ ದಲಿತ ರೂಪಕ ನಮಗೆ ಬೇಕೆ?

ಈಗ ತಾತನ ಪ್ರಶ್ನೆಗೆ ಬರೋಣ. ಸುತ್ತಿಗೆ ಮಾಡಿದ್ದು ನೆಲದೊಳಗಿನ ಕುಳ್ಳ ಕಮ್ಮಾರರು, ಬ್ರಾಕ್ ಮತ್ತು ಅವನ ಸಹೋದರ. ಹದಿಮೂರನೆಯ ಶತಮಾನದಲ್ಲಿ ಸ್ನೋರಿ ಬರೆದಿಟ್ಟಂತೆ ಈ ಕುಳ್ಳರು ಯಿಮಿರ್‌ನ ಹೆಣದಲ್ಲಿ ಹುಳುಗಳಾಗಿ ಹುಟ್ಟಿದವರು. ದೇವರ ಆಯುಧ, ಹಡಗು, ಒಡವೆ ಎಲ್ಲ ಮಾಡಿಕೊಟ್ಟವರನ್ನು ಹುಳು ಎನ್ನುವ ಪುರಾಣ! ಇನ್ನು ದೇವನಗರಿಯ ಕೋಟೆ ಕಟ್ಟಿದವನ ಪಾಡು ಕೇಳಿ. ಒಬ್ಬ ದೈತ್ಯ ಒಂದು ಚಳಿಗಾಲದಲ್ಲಿ ಒಂದೇ ಕುದುರೆಯ ನೆರವಿನಿಂದ ಕಟ್ಟಿ ಮುಗಿಸುತ್ತೇನೆಂದು ಒಪ್ಪಂದ ಮಾಡಿಕೊಂಡ. ಮುಗಿಯಲು ಮೂರು ದಿನ ಇರುವಾಗ, ಕೂಲಿ ಕೊಡಬೇಕಾಗುತ್ತದಲ್ಲ ಎಂದು ದೇವರುಗಳು ಹೆದರಿದರು. ಲೋಕಿ ಮೋಸದಿಂದ ಕೆಲಸ ಕೆಡಿಸಿದ. ಸಿಟ್ಟಾದ ಕೆಲಸದವನ ತಲೆಯನ್ನು ಥಾರ್ ಅದೇ ಸುತ್ತಿಗೆಯಿಂದ ಒಡೆದ. ಕೂಲಿ ಹೀಗೆ ಚುಕ್ತಾ ಆಯಿತು. ಅವನು ಕೇಳಿದ ಕೂಲಿ ಫ್ರೇಯಾ ಎಂಬ ಹೆಣ್ಣು ಮತ್ತು ಸೂರ್ಯಚಂದ್ರರು ಎನ್ನುವುದನ್ನು ಮುಚ್ಚಿಡಬೇಕಾಗಿಲ್ಲ. ಹೆಣ್ಣನ್ನು ಕೂಲಿಯಾಗಿ ಕೇಳಿದ್ದು ತಪ್ಪೇ. ಆದರೆ ಒಪ್ಪಂದಕ್ಕೆ ತಲೆಯಾಡಿಸಿದವರು ದೇವರುಗಳೇ ಅಲ್ಲವೆ?

ಟೋಲ್ಕಿನ್ನನ ಬಗ್ಗೆ ನ್ಯಾಯವಾಗಿ ಮಾತಾಡಬೇಕು. 1938ರಲ್ಲಿ ಜರ್ಮನಿಯ ಪ್ರಕಾಶಕರು ನೀವು ಆರ್ಯರೇ ಎಂದು ವಿಚಾರಿಸಿದಾಗ ಸಿಡಿದೆದ್ದು ಉತ್ತರ ಬರೆದವನು ಆತ. ಉತ್ತರದ ಪುರಾಣಗಳನ್ನು ಹಿಟ್ಲರ್ ಕೆಡಿಸಿದನೆಂಬ ಸಿಟ್ಟು ಅವನಿಗೆ ಕೊನೆತನಕ ಇತ್ತು. ಆದರೂ 1958ರ ಒಂದು ಪತ್ರದಲ್ಲಿ ತನ್ನ ಓರ್ಕ್‌ಗಳ ರೂಪ ವಿವರಿಸುವಾಗ ಮಂಗೋಲ್ ಜನರ ಮುಖಗಳನ್ನೇ ವಿಕಾರಗೊಳಿಸಿ ಚಿತ್ರಿಸಿದ. ಒಳ್ಳೆಯ ಮನುಷ್ಯನ ಕೈಯಲ್ಲೂ ಅಚ್ಚು ತನ್ನ ಕೆಲಸ ಮಾಡುತ್ತದೆ. 2011ರ ‘ಥಾರ್’ ಸಿನಿಮಾದಲ್ಲಿ ಹೈಮ್‌ಡಾಲ್ ಪಾತ್ರವನ್ನು ಇಡ್ರಿಸ್ ಎಲ್ಬಾ ಎಂಬ ಕಪ್ಪು ನಟ ಮಾಡಿದಾಗ ಅಮೆರಿಕದ ಬಿಳಿಯ ಜನಾಂಗವಾದಿಗಳು ಬಹಿಷ್ಕಾರಕ್ಕೆ ಕರೆ ಕೊಟ್ಟರು. ಹಳೆಯ ಪದ್ಯಗಳಲ್ಲಿ ಹೈಮ್‌ಡಾಲ್ ಬಿಳಿಯ ದೇವರು. ಕಪ್ಪು ಥ್ರಾಲ್‌ನನ್ನು ಹುಟ್ಟಿಸಿ ತಿರುಗಿ ನೋಡದೆ ಹೋದವನೂ ಅವನೇ. ಆ ಪಾತ್ರದಲ್ಲಿ ಕಪ್ಪು ಮನುಷ್ಯನೊಬ್ಬ ನಿಂತದ್ದು ನನಗೇನೋ ಮಗ ಅಪ್ಪನ ಮನೆ ಬಾಗಿಲಿಗೆ ಬಂದು ನಿಂತಂತೆ ಕಂಡಿತು.

ನಮ್ಮ ತಪ್ಪೂ ಇದೆ. ಅದ್ಭುತವೆಂದರೆ ಪಲಾಯನ, ಪುರಾಣವೆಂದರೆ ಪುರೋಹಿತಶಾಹಿ, ವಾಸ್ತವವಾದವೊಂದೇ ಬಂಡಾಯದ ದಾರಿ ಎಂದು ನಾವು ಬಹಳ ಕಾಲ ನಂಬಿದೆವು. 1873ರಲ್ಲೇ ಜೋತಿಬಾ ಫುಲೆ ‘ಗುಲಾಮಗಿರಿ’ಯಲ್ಲಿ ದಶಾವತಾರಗಳನ್ನು ತಲೆಕೆಳಗು ಮಾಡಿ, ಬಲಿರಾಜನನ್ನು ರೈತರ ದೊರೆಯೆಂದು ಎತ್ತಿಹಿಡಿದಿದ್ದರು. ಪುರಾಣವನ್ನು ಸೋತವರ ಕಡೆಯಿಂದ ಹೇಳುವ ದಾರಿ ಅಲ್ಲೇ ಇತ್ತು. ನಾವು ಅದನ್ನು ವಾದವಾಗಿ ಓದಿದೆವು, ಕಥನವಾಗಿ ಓದಲಿಲ್ಲ.

ದೂರ ಹೋಗುವುದೇಕೆ, ಚಿಕ್ಕಲ್ಲೂರಿಗೆ ಹೋಗೋಣ. ಬನದ ಹುಣ್ಣಿಮೆಗೆ ಅಲ್ಲಿ ಚಂದ್ರಮಂಡಲ ಉರಿಯುತ್ತದೆ. ಐದು ದಿನದ ಜಾತ್ರೆ. ನೀಲಗಾರರು ಹಾಡುವ ಕಾವ್ಯದಲ್ಲಿ ಲೋಕ ಹುಟ್ಟಿಸಿದ ಪರಂಜ್ಯೋತಿ ‘ಧರೆಗೆ ದೊಡ್ಡವರು’ ಕಲ್ಯಾಣಕ್ಕೆ ಹೇಗೆ ಬರುತ್ತಾರೆ? ಸತ್ತ ಕರು ಹೊತ್ತು, ಹೆಂಡ ಹಿಡಿದು, ನಾರುತ್ತ ಬರುತ್ತಾರೆ. ಸಮಾನತೆ ಸಾರಿದ ಕಲ್ಯಾಣದ ಬಾಗಿಲು ಅವರಿಗೆ ತೆರೆಯುವುದಿಲ್ಲ. ದೊಡ್ಡವರು ತಿಪ್ಪೆಯ ಮೇಲೆ ಮಲಗುತ್ತಾರೆ. ಬಸವಣ್ಣ ಅಲ್ಲಿಗೇ ಬರಬೇಕಾಗುತ್ತದೆ. ರಿಗ್ ದೇವರು ಜೀತದವನ ಮನೆಗೆ ಅತಿಥಿಯಾಗಿ ಬಂದು ಹೋದ. ನಮ್ಮ ದೇವರು ಸ್ವತಃ ಆ ಮನೆಯವನಾಗಿ ಬಂದು ಊರನ್ನು ಪರೀಕ್ಷೆ ಮಾಡಿದ. ಎರಡು ಕಾವ್ಯಗಳ ನಡುವಿನ ವ್ಯತ್ಯಾಸ ಇಷ್ಟೇ, ಆದರೆ ಇದು ಎಷ್ಟು ದೊಡ್ಡದು! ಇನ್ನು ಕಬ್ಬಿಣ. ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣದ ಭಿಕ್ಷೆಗೆ ಹೋಗುವ ಸಿದ್ದಪ್ಪಾಜಿ ತಾನೇ ಆಚಾರಿ ಮನೆಯ ಮಗ, ಕೆಂಪಾಚಾರಿ. ಅಲ್ಲಿ ಹುಳುವಾದ ಕಮ್ಮಾರ ಇಲ್ಲಿ ಪವಾಡಪುರುಷ.

ನಮ್ಮದೆಲ್ಲ ಚಿನ್ನ ಎಂದು ಹೇಳುತ್ತಿಲ್ಲ. ಹಾಡುವ ನೀಲಗಾರರಲ್ಲಿ ಹೆಚ್ಚಿನವರು ಕೇರಿಯವರು, ಮಠದ ಗದ್ದುಗೆ ಅರಸು ಮನೆತನದ್ದು. ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಬಾಡೂಟ ಉಣ್ಣುವ ಪಂಕ್ತಿಸೇವೆಯನ್ನು ಪ್ರಾಣಿಬಲಿಯೆಂದು ತಡೆಯುವ ಯತ್ನಗಳು ಈಚಿನ ವರ್ಷಗಳಲ್ಲಿ ನಡೆದಿವೆ. ಕರುವಿನ ಮಾಂಸದ ಸಾಲನ್ನು ಎತ್ತಿಹಾಕಿದ ಸಂಪಾದಕರು ಎಲ್ಲ ಕಡೆ ಇದ್ದಾರೆ.

ಈ ನೆಲದ ಅದ್ಭುತವನ್ನು ಹೊಸ ಗದ್ಯಕ್ಕೆ ತಂದು ತೋರಿಸಿದವರು ದೇವನೂರ ಮಹಾದೇವ. 1984ರ ‘ಕುಸುಮಬಾಲೆ’ಯಲ್ಲಿ ಮಂಚ ಮಾತಾಡುತ್ತದೆ, ಮನೆಮನೆಯ ಜೋತಮ್ಮಗಳು ಕೂಡಿ ಸುಖದುಃಖ ಹೇಳಿಕೊಳ್ಳುತ್ತವೆ. ಕೊಲೆಯಾದ ಚೆನ್ನನ ಕತೆಯನ್ನು ಪೊಲೀಸು ಕಾಗದ ಹೇಳಲಾರದ್ದಕ್ಕೇ ದೀಪಗಳು ಹೇಳಬೇಕಾಯಿತು. ಅಲ್ಲಿ ಅದ್ಭುತವೆನ್ನುವುದು ಪಲಾಯನವಲ್ಲ, ಸಾಕ್ಷಿ.

ಬರೆಯಲು ಹೊರಟ ತಮ್ಮ ತಂಗಿಯರಿಗೆ ನನ್ನ ಮಾತು ಇಷ್ಟೇ. ಥಾರ್ ನೋಡಿ, ಟೋಲ್ಕಿನ್ ಓದಿ, ಬೇಡವೆನ್ನಲು ನಾವು ಯಾರು? ಅಕ್ಷರ ಬೇಡವೆಂದವರ ಸಾಲಿಗೆ ನಾವು ಸೇರುವುದು ಬೇಡ. ಆದರೆ ಬರೆಯುವಾಗ ದೇವನಗರಿಯ ಕೋಟೆಯಿಂದ ಶುರುಮಾಡಬೇಡಿ. ಎಡ್ಡಾಳ ಗುಡಿಸಲಿಂದ ಶುರುಮಾಡಿ, ಕೋಟೆ ಕಟ್ಟಿ ಕೂಲಿ ಸಿಗದೆ ಸತ್ತವನಿಂದ ಶುರುಮಾಡಿ, ತಿಪ್ಪೆಯ ಮೇಲೆ ಮಲಗಿದವನಿಂದ ಶುರುಮಾಡಿ.

ಅವತ್ತು ನಾನು ತಾತನಿಗೆ ಕುಳ್ಳ ಕಮ್ಮಾರರ ಕತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ‘ಅವ್ರ ಆಡು ಯಾರೂ ಆಡ್ನಿಲ್ವಾ ಹಂಗಾರ?’ ಎಂದರು. ಹೈದ ಮೊಬೈಲು ಕೆಳಗಿಟ್ಟು ತಾತನ ಮುಖ ನೋಡಿದ.