ಪಿಜ್ಜಾದಲ್ಲೇ ನಿಂತ ಪಾಠ

ಅಮೆರಿಕದಲ್ಲಿ ಸ್ಕೀ ಕಲಿಸುವವರ ಬಾಯಲ್ಲಿ ಎರಡೇ ತಿಂಡಿ: ಪಿಜ್ಜಾ, ಫ್ರೆಂಚ್ ಫ್ರೈಸ್. ಸ್ಕೀಗಳ ಮುಂದಿನ ತುದಿ ಕೂಡಿಸಿ ಹಿಂದಿನದನ್ನು ಅಗಲಿಸಿದರೆ ಪಿಜ್ಜಾ ತುಂಡಿನ ಆಕಾರ, ವೇಗ ತಗ್ಗುತ್ತದೆ. ಎರಡನ್ನೂ ಜೋಡಿಯಾಗಿ ನೇರ ಇಟ್ಟರೆ ಫ್ರೈಸ್, ಜಾರುತ್ತದೆ. ಐದು ವರ್ಷದ ಮಗುವಿಗೆ ಇದಕ್ಕಿಂತ ಚೆನ್ನಾಗಿ ಹೇಳಲಾಗದು. ಅದನ್ನೇ ಐವತ್ತರ ಮನುಷ್ಯನಿಗೂ ಬಡಿಸುತ್ತೇವಲ್ಲ, ಅದೂ ಮೂರೇ ದಿನದ ರಜೆಯಲ್ಲಿ, ಅದಕ್ಕೆ ನನ್ನ ತಕರಾರು.

ಫೆಬ್ರುವರಿಯ ಮೂರನೇ ಸೋಮವಾರ ಪ್ರೆಸಿಡೆಂಟ್ಸ್ ಡೇ. 1971ರಿಂದ ಈ ರಜೆ ಸೋಮವಾರಕ್ಕೇ ಬೀಳುತ್ತಿರುವುದರಿಂದ ಶುಕ್ರವಾರ ಸಂಜೆ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಅರ್ಧ ಜನ ಲೇಕ್ ಟಾಹೋ ಸುತ್ತಲಿನ ಸ್ಕೀ ಬೆಟ್ಟಗಳ ಕಡೆ ಗುಳೆ ಎದ್ದಂತೆ ಕಾಣುತ್ತದೆ. ಹಿಮ ಬೀಳುತ್ತಿದ್ದರೆ ಡಾನರ್ ಪಾಸ್ ಹತ್ತುವ ಮುಂಚೆ ಚಕ್ರಕ್ಕೆ ಸರಪಳಿ ಕಟ್ಟಲು ಕಾರುಗಳ ಸಾಲು. ಮೂರೂವರೆ ಗಂಟೆಯ ದಾರಿ ಎಂಟು ಗಂಟೆ ಹಿಡಿಯುತ್ತದೆ. ಡಬ್ಬಿಯ ಚಿತ್ರಾನ್ನ ಆಬರ್ನ್ ಹತ್ತಿರವೇ ಖಾಲಿ. ಹೀಗೆ ಹೋದ ಒಂದು ಸಲ ನನಗೆ ಶಿಷ್ಯರಾಗಿ ಸಿಕ್ಕವರು ತೀರ್ಥಹಳ್ಳಿಯಿಂದ ಬಂದಿದ್ದ ನಮ್ಮ ಭಾವ.

"ಭಾವ, ಪಿಜ್ಜಾ ಮಾಡಿ, ಪಿಜ್ಜಾ!"

"ಮಾಡ್ತಾನೇ ಇದೀನಲ್ಲೋ ಮಾರಾಯ. ತೊಡೆ ಹರಿದು ಹೋಗ್ತಾ ಇದೆ."

ಅವರ ದೂರು ಸುಳ್ಳಾಗಿರಲಿಲ್ಲ. ಪಿಜ್ಜಾದಲ್ಲಿ ಎರಡೂ ಸ್ಕೀಗಳ ಒಳಅಂಚು ಹಿಮವನ್ನು ಕೆರೆಯುತ್ತವೆ. ಬಲಗಾಲು ಎಡಕ್ಕೆ ದಬ್ಬಿದರೆ ಎಡಗಾಲು ಬಲಕ್ಕೆ. ಹದಿನೈದು ಕಿಲೋ ತೂಗುವ ಮಗುವಿಗೆ ಇದು ಆಟ. ಎಂಬತ್ತು ಕಿಲೋದ ದೇಹ, ತೇವ ತುಂಬಿ ಗಾರೆಯಂತೆ ಭಾರವಾದ ಹಿಮ (ಅಲ್ಲಿನವರು ಅದನ್ನು ಸಿಯೆರಾ ಸಿಮೆಂಟ್ ಎಂದೇ ಕರೆಯುತ್ತಾರೆ) ಒಟ್ಟಿಗೆ ಸೇರಿದಾಗ ಹತ್ತು ನಿಮಿಷಕ್ಕೇ ತೊಡೆ ನಡುಗಲು ಶುರು. ಇಳಿಜಾರು ಸ್ವಲ್ಪ ಕಡಿದಾದರೆ ಈ ಬ್ರೇಕು ಹಿಡಿಯುವುದೂ ಇಲ್ಲ.

ಹಾಗಂತ ಇದು ದಡ್ಡರ ಉಪಾಯವಲ್ಲ. ಸ್ಕೀಯ ಹಿಂಬದಿ ಅಗಲಿಸಿ ತಿರುಗುವುದನ್ನು 1890ರ ದಶಕದಲ್ಲೇ ಆಸ್ಟ್ರಿಯಾದ ಲಿಲಿಯೆನ್‌ಫೆಲ್ಡ್‌ನಲ್ಲಿ ಮಥಿಯಾಸ್ ಝಡಾರ್ಸ್ಕಿ ಕಲಿಸುತ್ತಿದ್ದ. ಅದಕ್ಕೆ ಶಾಲೆಯ ಶಿಸ್ತು ತಂದವನು ಸೇಂಟ್ ಆಂಟನ್‌ನ ಹಾನ್ನೆಸ್ ಷ್ನೈಡರ್. ಮೊದಲು ಪಿಜ್ಜಾ, ಆಮೇಲೆ ಒಂದೇ ಕಾಲು ಅಗಲಿಸಿ ತಿರುಗುವುದು, ಕೊನೆಗೆ ಎರಡನ್ನೂ ಜೋಡಿಸಿ ಸುಯ್ಯೆಂದು ಹೊರಳುವುದು. ಒಂದೊಂದು ಮೆಟ್ಟಿಲಿಗೆ ಒಂದೊಂದು ತರಗತಿ. 1938ರಲ್ಲಿ ನಾಜಿಗಳು ಅವನನ್ನು ಸೆರೆಗೆ ಹಾಕಿದರು. ಮರುವರ್ಷ ಬಿಡಿಸಿಕೊಂಡು ನ್ಯೂ ಹ್ಯಾಂಪ್‌ಷೈರ್‌ನ ನಾರ್ತ್ ಕಾನ್ವೇಗೆ ಬಂದಾಗ ಈ ಕ್ರಮವೂ ಅವನ ಜೊತೆ ಬಂತು. ಅವನ ಲೆಕ್ಕದಲ್ಲಿ ಪಿಜ್ಜಾ ಎಂದರೆ ಒಳಪೆಡಲು. ಬಾರಿನ ಕೆಳಗೆ ಕಾಲು ತೂರಿಸಿ ಸೈಕಲ್ ಕಲಿತವರಾರೂ ಅಲ್ಲೇ ಉಳಿಯಲಿಲ್ಲ, ಯಾಕೆಂದರೆ ನಾಳೆಯೂ ಸೈಕಲ್ ಅಂಗಳದಲ್ಲೇ ಇರುತ್ತಿತ್ತು. ಮೂರು ದಿನದ ರಜೆಯ ಸ್ಕೀ ಮಂಗಳವಾರಕ್ಕೆ ಮಾಯ. ಮುಂದಿನ ಫೆಬ್ರುವರಿಯಲ್ಲಿ ಮತ್ತೆ ಮೊದಲನೇ ಮೆಟ್ಟಿಲು. ಹತ್ತು ವರ್ಷದಿಂದ ಪಿಜ್ಜಾದಲ್ಲೇ ಇರುವ ಗೆಳೆಯರನ್ನು ನಾನು ಬಲ್ಲೆ. ಅವರ ಮಕ್ಕಳು ಪಕ್ಕದಿಂದ ಬಾಣದಂತೆ ಹಾದುಹೋಗುತ್ತವೆ.

ನೆಂಟರು ಮೇಷ್ಟ್ರಾದರೆ ಇನ್ನೊಂದು ಅಪಾಯವಿದೆ, ಅದನ್ನು ನಾನೇ ತಂದೊಡ್ಡಿದೆ. ಶನಿವಾರ ಮಧ್ಯಾಹ್ನ, "ಮೇಲಿಂದ ಕೆರೆ ಚೆನ್ನಾಗಿ ಕಾಣುತ್ತೆ ಬನ್ನಿ ಭಾವ" ಎಂದು ನೀಲಿ ಗುರುತಿನ, ಅಂದರೆ ಮಧ್ಯಮ ಕಷ್ಟದ, ಇಳಿಜಾರಿಗೆ ಕರೆದೊಯ್ದೆ. ಕೆರೆ ಕಂಡಿತು. ಎರಡನೇ ತಿರುವಿನಲ್ಲಿ ಭಾವ ಕೂತರು, ಕೂತಲ್ಲಿಂದ ಜಾರಿದರು. ಒಂದು ಸ್ಕೀ ಬೂಟಿನಿಂದ ಕಳಚಿ ತಾನೇ ಮುಂದೆ ಹೋಯಿತು. ಉಳಿದ ದೂರ ಇಬ್ಬರೂ ನಡೆದೇ ಇಳಿದೆವು. ಆ ಬೂಟಿನಲ್ಲಿ ನಡೆಯುವುದು ಎರಡು ಬಕೆಟ್‌ಗೆ ಕಾಲು ಹಾಕಿಕೊಂಡು ನಡೆದ ಹಾಗೆ. ಅವರು ಒಂದು ಮಾತೂ ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು.

ರಾತ್ರಿ ಹೊಳೆದದ್ದು ಇಷ್ಟು: ನಾನು ಬ್ರೇಕು ಕಲಿಸಿದ್ದೆ, ದಾರಿ ಕಲಿಸಿರಲಿಲ್ಲ. ಪಳಗಿದವರು ಕೆರೆದು ವೇಗ ತಗ್ಗಿಸುವುದು ಕಡಿಮೆ. ಬೆಟ್ಟಕ್ಕೆ ಅಡ್ಡಲಾಗಿ ಹೊರಳಿ, ತಿರುವನ್ನು ಪೂರ್ತಿ ಮುಗಿಸಿ ತಗ್ಗಿಸುತ್ತಾರೆ. ಭಾನುವಾರ ಬೆಳಿಗ್ಗೆ ಭಾವನಿಗೆ ಕೇಳಿದೆ, "ಆಗುಂಬೆ ಘಾಟಿ ಯಾಕೆ ನೆಟ್ಟಗೆ ಇಳಿಯಲ್ಲ?" ಹದಿನಾಲ್ಕು ತಿರುವುಗಳಲ್ಲಿ ಜೀಪು ಓಡಿಸಿದವರಿಗೆ ಅಷ್ಟು ಸಾಕಾಯಿತು. ಇಳಿಜಾರಿಗೆ ಅಡ್ಡ ನಿಂತು ಅಂಚು ಸಡಿಲಿಸಿ ಪಕ್ಕಕ್ಕೆ ಜಾರುವುದು, ಬಿಗಿದು ನಿಲ್ಲುವುದು: ಗಂಟೆಗಟ್ಟಲೆ ಇದೊಂದೇ. ಪಿಜ್ಜಾ ಬಿಟ್ಟು ಕಲಿಸುವುದು ಹೊಸದೇನಲ್ಲ: ಗಿಡ್ಡ ಸ್ಕೀಯಿಂದ ಶುರುಮಾಡಿ ನೇರ ಜೋಡಿಗಾಲಿಗೇ ಒಯ್ಯುವ ಪದ್ಧತಿಯನ್ನು ಸ್ಕೀ ಶಿಕ್ಷಕ ಕ್ಲಿಫ್ ಟೇಲರ್ 1960ರ ದಶಕದಲ್ಲೇ ಪ್ರಚಾರಕ್ಕೆ ತಂದಿದ್ದ. 1990ರ ದಶಕದಲ್ಲಿ ಬಂದ ನಡುಸಣ್ಣ ಸ್ಕೀಗಳು ಅಂಚಿನ ಮೇಲೆ ವಾಲಿಸಿದರೆ ತಾವೇ ತಿರುಗುತ್ತವೆ. ಆದರೂ ನಮ್ಮ ರಜೆಯ ಪಾಠ ಪಿಜ್ಜಾ ಬಿಡದು, ಯಾಕೆಂದರೆ ಅದು ಅರ್ಧ ಗಂಟೆಯಲ್ಲಿ ಬರುತ್ತದೆ, ಫೋಟೋಗೂ ಸಾಕು. ಒಂದು ಮಾತು ಒಪ್ಪಬೇಕು: ಲಿಫ್ಟಿನ ಸಾಲಿನಲ್ಲಿ ಮುಂದಿನವರ ಬೆನ್ನಿಗೆ ಗುದ್ದದೆ ನಿಲ್ಲಲು ಪಿಜ್ಜಾ ಬಿಟ್ಟರೆ ಗತಿಯಿಲ್ಲ.

ಸೋಮವಾರ ಹನ್ನೊಂದರ ಹೊತ್ತಿಗೆ, ಹಸಿರು ಗುರುತಿನ ಸುಲಭದ ಇಳಿಜಾರಿನಲ್ಲಿ, ಭಾವ ಎಡಕ್ಕೆ ಒಂದು ತಿರುವು ಪೂರ್ತಿ ಮುಗಿಸಿ ಮೇಲ್ಮುಖವಾಗಿ ತಾವಾಗಿಯೇ ನಿಂತರು. ಬಲತಿರುವು ಇನ್ನೂ ಪಿಜ್ಜಾದಲ್ಲೇ ಇತ್ತು. "ಇನ್ನೊಂದ್ಸಲ ಹೋಗೋಣ್ವಾ?" ಎಂದರು. ಟ್ರಾಫಿಕ್ಕಿಗೆ ಮುಂಚೆ ಹೊರಡಬೇಕಿತ್ತು, ಬಾಡಿಗೆ ಬೂಟು ಹನ್ನೆರಡಕ್ಕೆ ವಾಪಸು ಕೊಡಬೇಕಿತ್ತು, ಗುರುವಾರ ಅವರ ವಿಮಾನವಿತ್ತು.