ಕರ್ನಲ್ ಮತ್ತು ಹೊರಗಿನ ಡೇಟಾ: ಯುನಿಕ್ಸ್ ಪರಂಪರೆಯ ಒಂದು ವಿಮರ್ಶೆ

ಬಳಕೆದಾರರ ಪ್ರೋಗ್ರಾಂ ಕೊಡುವ ಮೆಮೊರಿ ವಿಳಾಸವನ್ನು ಕರ್ನಲ್ ನಂಬುವಂತಿಲ್ಲ. ಅಲ್ಲಿರುವ ಡೇಟಾವನ್ನು ಒಂದೇ ಸಲ ತನ್ನ ಜಾಗಕ್ಕೆ ನಕಲು ಮಾಡಿಕೊಂಡು, ಆ ನಕಲನ್ನು ಮಾತ್ರ ಪರೀಕ್ಷಿಸಿ ಬಳಸಬೇಕು. 1975ರ ಯುನಿಕ್ಸ್ ಆರನೇ ಆವೃತ್ತಿಯಲ್ಲೇ ಇದಕ್ಕೆಂದು ‘ಕಾಪಿಇನ್’, ‘ಕಾಪಿಔಟ್’ ಎಂಬ ಕಿರು ಕೋಡ್‌ಗಳಿದ್ದವು. ಲಿನಕ್ಸ್‌ನ ‘ಕಾಪಿ ಫ್ರಮ್ ಯೂಸರ್’ ಅದೇ ವಂಶದ್ದು.

ಅರಸೀಕೆರೆಯ ಲಿನಕ್ಸ್ ಕಂಪ್ಯೂಟರ್ ಒಂದರಲ್ಲಿ ‘ಅರಸೀಕೆರೆ’ ಎಂಬ ಫೋಲ್ಡರ್ ಮಾಡಬೇಕೆನ್ನಿ. ಪ್ರೋಗ್ರಾಂ ಕರ್ನಲ್‌ಗೆ ಕೊಡುವುದು ಹೆಸರನ್ನಲ್ಲ, ಹೆಸರಿರುವ ವಿಳಾಸವನ್ನು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಯೂನಿಕೋಡ್ ಸಂಕೇತಕ್ಕೆ 3 ಬೈಟ್ ಬೇಕು; ಸ್ವರಚಿಹ್ನೆಗಳೂ ಸೇರಿ ಈ ಹೆಸರಿನಲ್ಲಿ 8 ಸಂಕೇತ, ಅಂದರೆ 24 ಬೈಟ್, ಕೊನೆಗೊಂದು ಸೊನ್ನೆ. ಕರ್ನಲ್‌ಗೆ ಕನ್ನಡವೂ ಬಾರದು, ಹೆಸರಿನ ಉದ್ದವೂ ಮೊದಲೇ ತಿಳಿಯದು. ಸೊನ್ನೆ ಸಿಗುವ ತನಕ, ಹೆಚ್ಚೆಂದರೆ 4096 ಬೈಟ್, ಅದು ನಕಲಿಸುತ್ತಾ ಹೋಗುತ್ತದೆ. ಕೊಟ್ಟ ವಿಳಾಸ ಕರ್ನಲ್‌ನದೇ ಪಾಲಿಗೆ ಸೇರಿದ್ದರೆ, ಅಥವಾ ಅಲ್ಲಿ ಏನೂ ಇಲ್ಲದಿದ್ದರೆ, ಯಂತ್ರ ಕುಸಿಯದೆ ಪ್ರೋಗ್ರಾಂಗೆ ‘ಇಫಾಲ್ಟ್’ ಎಂಬ ದೋಷಸಂಖ್ಯೆ ಮರಳುತ್ತದೆ.

ಒಂದೇ ಸಲ ನಕಲಿಸಬೇಕೆಂಬ ಷರತ್ತು ಇನ್ನೂ ಮುಖ್ಯ. ಕರ್ನಲ್ ಮೊದಲು ‘ಬೇಲೂರು’ ಎಂದು ಓದಿ (ಕೊನೆಯ ಸೊನ್ನೆ ಬಿಟ್ಟು) 18 ಬೈಟ್ ಜಾಗ ತೆಗೆದಿಟ್ಟಿತು ಎನ್ನಿ. ಅಷ್ಟರಲ್ಲಿ ಅದೇ ಪ್ರೋಗ್ರಾಂನ ಇನ್ನೊಂದು ಥ್ರೆಡ್ ಅಲ್ಲಿ ‘ಹಳೇಬೀಡು’ ಎಂದು ಬರೆದುಬಿಟ್ಟಿತು. ಉದ್ದ ಈಗ 21 ಬೈಟ್. ಕರ್ನಲ್ ಎರಡನೇ ಸಲ ಮೂಲದಿಂದ ಓದಿದರೆ 3 ಬೈಟ್ ಪಕ್ಕದ ಮೆಮೊರಿಯನ್ನು ಕೆಡಿಸುತ್ತದೆ. ದಾಳಿಕೋರನಿಗೆ ಅಷ್ಟು ಸಾಕಾಗಬಹುದು. ಮಾಟೆಯುಷ್ ಯುರ್ಚಿಕ್ ಮತ್ತು ಗಿನ್ವೇಲ್ ಕೋಲ್ಡ್‌ವಿಂಡ್ 2013ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ವಿಂಡೋಸ್ ಕರ್ನಲ್‌ನೊಳಗೆ ಇಂಥ ದೋಷಗಳು ಹತ್ತಾರು ಸಿಕ್ಕವು.

ನಿಯಮದಲ್ಲಿ ಊನವಿಲ್ಲ. ಅದನ್ನು ಪಾಲಿಸುವ ಹೊಣೆಯನ್ನು ಬರೆಯುವವರ ನೆನಪಿಗೆ ಬಿಟ್ಟದ್ದೇ ಈ ಪರಂಪರೆಯ ದೊಡ್ಡ ದೌರ್ಬಲ್ಯ. ಲಿನಕ್ಸ್‌ನ ‘ವಿಎಂಸ್ಪ್ಲೈಸ್’ ಎಂಬ ಸಿಸ್ಟಂ ಕಾಲ್‌ನಲ್ಲಿ ವಿಳಾಸದ ತಪಾಸಣೆಯೇ ಬಿಟ್ಟುಹೋಗಿತ್ತು. 2008ರಲ್ಲಿ ಅದು ಬಯಲಾದಾಗ ಸಾಮಾನ್ಯ ಬಳಕೆದಾರ ಯಂತ್ರದ ಸರ್ವಾಧಿಕಾರ ಪಡೆಯಬಹುದಿತ್ತು. ಆ ಪಾಠ ನೆನಪಿನಲ್ಲಿ ಉಳಿಯಲಿಲ್ಲ. 2017ರಲ್ಲಿ ‘ವೇಟ್‌ಐಡಿ’ ಎಂಬ ಇನ್ನೊಂದು ಸಿಸ್ಟಂ ಕಾಲ್ ಅನ್ನು ಚುರುಕುಗೊಳಿಸುವ ಭರದಲ್ಲಿ ಅದೇ ತಪಾಸಣೆ ಮತ್ತೆ ಕಳೆದುಹೋಯಿತು. 2019ರ 5.0 ಆವೃತ್ತಿಯಲ್ಲಿ, ಬಳಕೆದಾರರ ಮೆಮೊರಿಯನ್ನು ತೆರೆಯುವ ಕೋಡ್‌ನೊಳಗೇ ತಪಾಸಣೆಯನ್ನು ಸೇರಿಸಲಾಯಿತು. ಇಷ್ಟು ಸರಳ ತಿದ್ದುಪಡಿ ಇಷ್ಟು ತಡವಾದದ್ದಕ್ಕೆ ವೇಗದ ಮೋಹವನ್ನೇ ದೂರಬೇಕು.

ಈಚಿನ ಒಳ್ಳೆಯ ಬೆಳವಣಿಗೆಗಳೆಲ್ಲ ಈ ಹೊಣೆಯನ್ನು ಬರೆಯುವವರ ನೆನಪಿನಿಂದ ತಪ್ಪಿಸುವ ದಿಕ್ಕಿನವು. ಇಂಟೆಲ್ 2014ರ ಬ್ರಾಡ್‌ವೆಲ್ ಚಿಪ್‌ಗಳಲ್ಲಿ ತಂದ ‘ಸ್ಮ್ಯಾಪ್’ ಇದ್ದರೆ, ಕರ್ನಲ್ ಬೇಕೆಂದೇ ಬೀಗ ತೆಗೆಯದೆ ಬಳಕೆದಾರರ ಮೆಮೊರಿಯನ್ನು ಮುಟ್ಟಿದೊಡನೆ ಪ್ರೊಸೆಸರ್ ತಡೆಯುತ್ತದೆ. ತಪಾಸಣೆಯನ್ನೇ ಆರಿಸಿಬಿಡುತ್ತಿದ್ದ ‘ಸೆಟ್‌ಎಫ್‌ಎಸ್’ ಎಂಬ ಹಳೆಯ ಅಡ್ಡದಾರಿಯನ್ನು 2022ರ ಲಿನಕ್ಸ್ 5.18ರ ಹೊತ್ತಿಗೆ ಪೂರ್ತಿ ಕಿತ್ತುಹಾಕಲಾಯಿತು. ಅದೇ ವರ್ಷದ ಕೊನೆಗೆ 6.1ರಲ್ಲಿ ಕಾಲಿಟ್ಟ ರಸ್ಟ್ ಭಾಷೆ, ಹೊರಗಿನ ವಿಳಾಸವನ್ನು ಒಳಗಿನದೆಂದು ತಪ್ಪಾಗಿ ಬಳಸಿದರೆ ಕಂಪೈಲ್ ಹಂತದಲ್ಲೇ ಹಿಡಿಯಲು ಅನುವು ಮಾಡುತ್ತದೆ.

ಆದರೆ 2019ರಲ್ಲೇ ಲಿನಕ್ಸ್‌ಗೆ ಬಂದ ‘ಐಒ ಯುರಿಂಗ್’ ವೇಗಕ್ಕಾಗಿ ಕರ್ನಲ್ ಮತ್ತು ಪ್ರೋಗ್ರಾಂ ಒಂದೇ ಮೆಮೊರಿಯನ್ನು ಹಂಚಿಕೊಳ್ಳುವ ವಿಧಾನ. ವಿನಂತಿಗಳು ಅಲ್ಲಿ ಪ್ರೋಗ್ರಾಂನ ಕೈಗೆ ಸಿಗುವಂತೆಯೇ ಇರುತ್ತವೆ. ಕರ್ನಲ್ ಓದುತ್ತಿರುವಾಗಲೇ ಅವು ಬದಲಾಗಬಹುದು. ಹಾಗಾಗಿ ಅಲ್ಲಿನ ಕೋಡ್ ಬರೆಯುವವರು ಒಂದೊಂದು ಅಂಶವನ್ನೂ ಒಂದೇ ಸಲ ಓದಿಟ್ಟುಕೊಳ್ಳುವ ಎಚ್ಚರವನ್ನು ಮತ್ತೆ ತಾವೇ ವಹಿಸಬೇಕಾಗಿದೆ.